ಎಳೆಯುವ ಶಕ್ತಿ ಬಂತು, ನಿಲ್ಲಿಸುವ ಶಕ್ತಿ ಎಲ್ಲಿದೆ?

ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಹತ್ತಿರ ಬಂದರೆ ಸಾಕು, ಸವದತ್ತಿ ಯಲ್ಲಮ್ಮನ ಗುಡ್ಡದ ಕಡೆ ಹೋಗುವ ರಸ್ತೆಗಳು ಟ್ರ್ಯಾಕ್ಟರ್‌ಗಳಿಂದ ತುಂಬಿಬಿಡುತ್ತವೆ. ಚಿಂಚಲಿ ಮಾಯಕ್ಕನ ಜಾತ್ರೆಗೂ ಹಾಗೆಯೇ. ಟ್ರ್ಯಾಕ್ಟರ್ ಹಿಂದೆ ಟ್ರೇಲರ್, ಟ್ರೇಲರ್ ಮೇಲೆ ಬಿದಿರಿನ ಗಳ ಬಾಗಿಸಿ ಕಟ್ಟಿದ ತಾಡಪತ್ರಿ. ಒಳಗೆ ಹಾಸಿಗೆ, ರೊಟ್ಟಿ ಗಂಟು, ನೀರಿನ ಡ್ರಮ್ಮು, ಗ್ಯಾಸ್ ಸಿಲಿಂಡರು. ಅವುಗಳ ನಡುವೆ ಅಜ್ಜಿಯಿಂದ ಹಿಡಿದು ಮೊಮ್ಮಕ್ಕಳವರೆಗೆ ಇಡೀ ಮನೆ. ಜೀಪಿನ ಹಿಂದೆ ಮಲಗುವ ಗಾಡಿ ಕಟ್ಟಿಕೊಂಡು ಊರೂರು ತಿರುಗುವ ಹವ್ಯಾಸ ಈಗ ಪೇಟೆಯವರಿಗೆ ಹೊಸದು. ನಮ್ಮ ರೈತರು ಚಕ್ಕಡಿಯ ಕಾಲದಿಂದ ಅದನ್ನೇ ಮಾಡುತ್ತ ಬಂದಿದ್ದಾರೆ. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂತು, ಅಷ್ಟೇ.

ಈಗ ಆ ಟ್ರ್ಯಾಕ್ಟರ್ ಕೂಡ ಬದಲಾಗುತ್ತಿದೆ. ನಮ್ಮ ಎರೆ ಭೂಮಿಯ ಊರುಗಳಲ್ಲಿ ಫೋರ್ ವೀಲ್ ಡ್ರೈವ್ ಟ್ರ್ಯಾಕ್ಟರ್ ಕೊಳ್ಳುವವರು ವರ್ಷದಿಂದ ವರ್ಷಕ್ಕೆ ಹೆಚ್ಚಾಗುತ್ತಿದ್ದಾರೆ. ಮಳೆ ಬಿದ್ದ ಎರೆಯಲ್ಲಿ ಟು ವೀಲ್ ಗಾಡಿ ಹೂತು ಕೂತರೆ ಏನು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು. ಆ ಲೆಕ್ಕದಲ್ಲಿ ಇದು ಒಳ್ಳೆಯ ಖರೀದಿ. ನನ್ನ ತಕರಾರು ಬೇರೆ. ಹೊಲಕ್ಕೆ ಅಂತ ತಂದ ಗಾಡಿಯನ್ನು ಜಾತ್ರೆಗೆ ಕಟ್ಟುವಾಗ ಹುಡುಗರು ಒಂದು ಮಾತು ಹೇಳುತ್ತಾರೆ: "ನಾಲ್ಕೂ ಗಾಲಿ ಎಳಿತಾವ್ರೀ, ಇನ್ನೇನ್ ಚಿಂತಿ?" ಈ ಮಾತೇ ನನಗೆ ಚಿಂತೆ ಹುಟ್ಟಿಸುತ್ತದೆ.

ಫೋರ್ ವೀಲ್ ಡ್ರೈವ್ ಎಳೆಯುವ ಶಕ್ತಿಯನ್ನು ಹೆಚ್ಚಿಸುತ್ತದೆ. ಜಾತ್ರೆಯ ದಾರಿಯಲ್ಲಿ ಜೀವ ಉಳಿಸುವುದು ನಿಲ್ಲಿಸುವ ಶಕ್ತಿ, ಹಿಚ್‌ನ ಗಟ್ಟಿತನ ಮತ್ತು ಕತ್ತಲಲ್ಲಿ ಬೇರೆಯವರ ಕಣ್ಣಿಗೆ ಬೀಳುವ ಬೆಳಕು. ಈ ಮೂರೂ ಟ್ರ್ಯಾಕ್ಟರ್ ಜೊತೆ ಷೋರೂಮಿನಿಂದ ಬರುವುದಿಲ್ಲ, ನಾವೇ ಮಾಡಿಕೊಳ್ಳಬೇಕು. ಅಷ್ಟೆಲ್ಲ ಮಾಡಿದ ಮೇಲೂ ಟ್ರೇಲರ್‌ನಲ್ಲಿ ಹೋಗಬೇಕಾದ್ದು ಸಾಮಾನು, ಮನುಷ್ಯರು ಬಸ್ಸಿನಲ್ಲಿ ಹೋಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ಫೋರ್ ವೀಲ್ ಏನು ಕೊಡುತ್ತದೆ, ಏನು ಕೊಡುವುದಿಲ್ಲ

ಹಿಂದಿನ ಗಾಲಿಗಳು ಜಾರಿದಾಗ ಮುಂದಿನ ಗಾಲಿಗಳೂ ನೆಲ ಹಿಡಿದು ಎಳೆಯುತ್ತವೆ. ಕೆಸರು, ಮರಳು, ಹಸಿ ಏರಿ, ಮಣ್ಣಿನ ಚಡಾವು ಇಂಥ ಕಡೆ ಇದರ ಬೆಲೆ ಗೊತ್ತಾಗುತ್ತದೆ. ಜಾತ್ರೆಯ ಬಯಲಿನಲ್ಲಿ ಮೆತ್ತನೆಯ ಮಣ್ಣಿಗೆ ಇಳಿದ ಟ್ರೇಲರನ್ನು ಎಬ್ಬಿಸಲು ಕೂಡ ಉಪಯೋಗಕ್ಕೆ ಬರುತ್ತದೆ.

ಒಣ ಡಾಂಬರು ರಸ್ತೆಯ ಮೇಲೆ ಮಾತ್ರ ಫೋರ್ ವೀಲ್ ಲಿವರ್ ಹಾಕಿಕೊಂಡು ಓಡಿಸಬಾರದು. ಈ ಟ್ರ್ಯಾಕ್ಟರ್‌ಗಳಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ತುಸು ಹೆಚ್ಚು ವೇಗದಲ್ಲಿ ತಿರುಗುವಂತೆ ಗೇರ್ ಜೋಡಿಸಿರುತ್ತಾರೆ. ಹೊಲದ ಮೆತ್ತನೆ ಮಣ್ಣಿನಲ್ಲಿ ಆ ವ್ಯತ್ಯಾಸ ಜಾರಿ ಹೋಗುತ್ತದೆ. ಡಾಂಬರಿನ ಮೇಲೆ ಜಾರಲು ಜಾಗ ಇರುವುದಿಲ್ಲ. ಆಗ ಮುಂದಿನ ಟೈರು ಬೇಗ ಸವೆಯುತ್ತದೆ, ಗೇರು ಮತ್ತು ಶಾಫ್ಟ್ ಮೇಲೆ ಬಿಗಿತ ಬೀಳುತ್ತದೆ, ಸ್ಟೇರಿಂಗ್ ಕೂಡ ಗಟ್ಟಿಯಾಗುತ್ತದೆ.

ಇದೇ ಕಾರಣಕ್ಕೆ ಟೈರು ಬದಲಿಸುವಾಗ ಎಚ್ಚರ ಬೇಕು. ಮುಂದೆ 9.5-24, ಹಿಂದೆ 16.9-28 ಅಂತ ಕಂಪನಿ ಕೊಟ್ಟಿದ್ದರೆ ಅದೇ ಜೋಡಿ ಇರಲಿ. ಹಿಂದಿನ ಎರಡನ್ನು ಹೊಸದು ಹಾಕಿ, ಮುಂದೆ ಸವೆದು ಬೋಳಾದ ಟೈರು ಬಿಟ್ಟರೆ ಸುತ್ತಳತೆಯ ಲೆಕ್ಕ ತಪ್ಪುತ್ತದೆ. "ಸೈಜ್ ಸ್ವಲ್ಪ ದೊಡ್ಡದಾದ್ರ ಏನಾಗ್ತೈತಿ" ಅನ್ನುವ ಮಾತು ಟು ವೀಲ್ ಗಾಡಿಗೆ ನಡೆದೀತು, ಇದಕ್ಕೆ ನಡೆಯುವುದಿಲ್ಲ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ನಮ್ಮ ಸಾಮಾನ್ಯ ಟ್ರ್ಯಾಕ್ಟರ್‌ಗಳಲ್ಲಿ ಬ್ರೇಕ್ ಇರುವುದು ಹಿಂದಿನ ಗಾಲಿಗಳಿಗೆ ಮಾತ್ರ. ಫೋರ್ ವೀಲ್ ಹಾಕಿದಾಗ ಮುಂದಿನ ಗಾಲಿಗಳು ಶಾಫ್ಟ್ ಮೂಲಕ ಹಿಂದಿನವಕ್ಕೆ ಜೋಡಣೆಯಾಗುತ್ತವೆ. ಹಾಗಾಗಿ ಬ್ರೇಕ್ ಒತ್ತಿದರೆ ಹಿಡಿತ ನಾಲ್ಕೂ ಗಾಲಿಗೆ ಹಂಚಿಕೆಯಾಗುತ್ತದೆ, ಎಂಜಿನ್ ತಡೆ ಕೂಡ ನಾಲ್ಕಕ್ಕೂ ಸಿಗುತ್ತದೆ. ಭಾರದ ಟ್ರೇಲರ್ ಕಟ್ಟಿಕೊಂಡು ಕಡಿದಾದ ಇಳಿಜಾರು ಇಳಿಯುವಾಗ, ಇಳಿಯುವ ಮೊದಲೇ ವೇಗ ತಗ್ಗಿಸಿ ಫೋರ್ ವೀಲ್ ಹಾಕಿಕೊಳ್ಳುವುದು ಒಳ್ಳೆಯದು. ಇಳಿಜಾರು ಮುಗಿದು ಒಣ ಡಾಂಬರು ಸಮತಟ್ಟಾದ ಕೂಡಲೇ ತೆಗೆಯಿರಿ. ನೆನಪಿಡಬೇಕಾದ್ದು ಇಷ್ಟು: ಈ ಹೆಚ್ಚಿನ ತಡೆ ಸಿಗುವುದು ಟ್ರ್ಯಾಕ್ಟರ್‌ಗೆ. ಹಿಂದಿನಿಂದ ತಳ್ಳುವ ಟ್ರೇಲರ್‌ಗೆ ತನ್ನದೇ ಬ್ರೇಕ್ ಇಲ್ಲದಿದ್ದರೆ ಅದು ತಳ್ಳುತ್ತಲೇ ಇರುತ್ತದೆ.

ಹಿಚ್: ಎಲ್ಲಿ ಕಟ್ಟುತ್ತೀರಿ ಅನ್ನುವುದೇ ದೊಡ್ಡ ಪ್ರಶ್ನೆ

ಟ್ರೇಲರನ್ನು ಕಂಪನಿ ಕೊಟ್ಟ ಹಿಚ್‌ಗೇ ಕಟ್ಟಬೇಕು. ಮೇಲಿನ ಟಾಪ್ ಲಿಂಕ್ ಬ್ರಾಕೆಟ್ಟಿಗೆ ಸರಪಳಿ ಸಿಕ್ಕಿಸಿ ಎಳೆಯುವುದನ್ನು ಜಾತ್ರೆಯ ಬಯಲಿನಲ್ಲಿ ನೋಡಿದ್ದೇನೆ. ಎರಡು ಲಿಫ್ಟ್ ತೋಳುಗಳ ನಡುವಿನ ಅಡ್ಡ ಪಟ್ಟಿಗೆ ಕಟ್ಟಿ, ತೋಳು ಮೇಲೆತ್ತಿ ಓಡಿಸುವವರೂ ಇದ್ದಾರೆ. ಇವೆರಡೂ ಸಾವಿನ ಆಟ.

ಕಾರಣ ಸರಳ. ಟ್ರೇಲರ್ ಹೂತು ಗಾಲಿ ಮುಂದೆ ಹೋಗಲಾರದೆ ನಿಂತರೆ, ಎಂಜಿನ್ನಿನ ತಿರುಚುವ ಶಕ್ತಿ ಟ್ರ್ಯಾಕ್ಟರ್‌ನ ಮೈಯನ್ನೇ ಹಿಂದಿನ ಅಚ್ಚಿನ ಸುತ್ತ ಮೇಲೆತ್ತಲು ನೋಡುತ್ತದೆ. ಎಳೆಯುವ ಬಿಂದು ಅಚ್ಚಿಗಿಂತ ಕೆಳಗಿದ್ದರೆ ಮೂತಿ ಎದ್ದಂತೆಲ್ಲ ಆ ಎಳೆತ ಸಡಿಲವಾಗಿ ಅಪಾಯ ತಗ್ಗುತ್ತದೆ. ಬಿಂದು ಅಚ್ಚಿಗಿಂತ ಮೇಲಿದ್ದರೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತದೆ. ಕ್ಲಚ್ ಒತ್ತುವಷ್ಟು ಹೊತ್ತೂ ಸಿಗುವುದಿಲ್ಲ. ಫೋರ್ ವೀಲ್ ಗಾಡಿಯ ಮುಂದಿನ ಭಾಗ ಭಾರ ಇರುತ್ತದೆ, ಮಗುಚುವುದಿಲ್ಲ ಎಂಬ ನಂಬಿಕೆ ಬೇಡ. ಹಿಡಿತ ಹೆಚ್ಚಿದ್ದಷ್ಟೂ ಎಳೆತ ಹೆಚ್ಚು, ತಪ್ಪು ಜಾಗದಲ್ಲಿ ಕಟ್ಟಿದರೆ ಅಪಾಯವೂ ಹೆಚ್ಚು.

ಇನ್ನು ಪಿನ್ನು. ಹಿಚ್‌ನ ತೂತಿಗೆ ಸರಿಹೊಂದುವ ದಪ್ಪದ ಪಿನ್ನೇ ಇರಬೇಕು. ಕಳೆದುಹೋಯಿತು ಅಂತ ಕಬ್ಬಿಣದ ಸರಳಿನ ತುಂಡು ತೂರಿಸಿ, ಕೆಳಗೆ ತಂತಿ ಸುತ್ತಿ ಓಡಿಸುವುದು ನಮ್ಮಲ್ಲಿ ಮಾಮೂಲು. ರಸ್ತೆಯ ಗುಂಡಿಯಲ್ಲಿ ಟ್ರೇಲರ್ ಒಮ್ಮೆ ಜಿಗಿದರೆ ಆ ಸರಳು ಮೇಲೆದ್ದು ಬರುತ್ತದೆ. ಪಿನ್ನಿನ ಕೆಳತುದಿಗೆ ಲಾಕ್ ಕ್ಲಿಪ್ ಹಾಕಿ. ಪಿನ್ನನ್ನು ಕೈಯಲ್ಲಿ ಹಿಡಿದು ನೋಡಿ, ನಡುವೆ ಸವೆದು ಸೊಂಟ ಬಂದಿದ್ದರೆ ಅದನ್ನು ಎಸೆದು ಹೊಸದು ತನ್ನಿ. ಟ್ರೇಲರ್ ಕಡೆಯ ಬಳೆಯೂ ಸವೆದು ಮೊಟ್ಟೆಯಾಕಾರ ಆಗಿರುತ್ತದೆ, ವೆಲ್ಡಿಂಗ್ ಬಳಿ ಕೂದಲೆಳೆಯಂಥ ಬಿರುಕು ಬಿಟ್ಟಿರುತ್ತದೆ. ಮಣ್ಣು, ಗ್ರೀಸು ಒರೆಸಿ ಹಗಲು ಬೆಳಕಿನಲ್ಲಿ ನೋಡಿದರೆ ಮಾತ್ರ ಕಾಣುತ್ತದೆ.

ಇದರ ಜೊತೆಗೆ ಒಂದು ಸೇಫ್ಟಿ ಚೈನು. ಟ್ರೇಲರ್‌ನ ಮುಂದಿನ ಕಂಬಿಯಿಂದ ಟ್ರ್ಯಾಕ್ಟರ್‌ನ ಚಾಸಿಗೆ, ತಿರುವಿಗೆ ಬೇಕಾದಷ್ಟೇ ಸಡಿಲ ಬಿಟ್ಟು ಕಟ್ಟಬೇಕು. ಪಿನ್ನು ಕೈಕೊಟ್ಟರೂ ಟ್ರೇಲರ್ ಎದುರಿನ ಬೈಕಿನವನ ಮೇಲೆ ಹೋಗುವುದಿಲ್ಲ.

ಮುಂಭಾರ, ಹಿಂಭಾರ: ಚಕ್ಕಡಿಯ ಪಾಠ

ನಮ್ಮ ಹಿರಿಯರಿಗೆ ಈ ವಿದ್ಯೆ ಹೇಳಿಕೊಡಬೇಕಾಗಿರಲಿಲ್ಲ. ಚಕ್ಕಡಿ ಹೇರುವಾಗ ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ, ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ ಅಂತ ಅವರಿಗೆ ಗೊತ್ತಿತ್ತು. ನೊಗದ ಮೇಲೆ ಹದವಾದ ಮುಂಭಾರ ಇರುವಂತೆ ಚೀಲ ಜರುಗಿಸುತ್ತಿದ್ದರು. ಎರಡು ಗಾಲಿಯ ಟ್ರೇಲರ್‌ಗೂ ಅದೇ ನಿಯಮ. ಎತ್ತಿನ ಹೆಗಲಿನ ಜಾಗದಲ್ಲಿ ಈಗ ಹಿಚ್ ಇದೆ.

ಹಿಂಭಾರವಾದ ಟ್ರೇಲರ್ ಟ್ರ್ಯಾಕ್ಟರ್‌ನ ಹಿಂಭಾಗವನ್ನು ಮೇಲಕ್ಕೆ ಎತ್ತುತ್ತದೆ. ಬ್ರೇಕ್ ಇರುವ ಹಿಂದಿನ ಗಾಲಿಗಳ ಮೇಲಿನ ಭಾರವೇ ಕಡಿಮೆಯಾದರೆ ಬ್ರೇಕ್ ಎಲ್ಲಿಂದ ಹಿಡಿಯಬೇಕು? ಮೇಲಾಗಿ ಟ್ರೇಲರ್ ಬಾಲ ಅಲ್ಲಾಡಿಸಿದಂತೆ ಎಡಬಲಕ್ಕೆ ತೂಗುತ್ತದೆ. ಮುಂಭಾರ ಅತಿಯಾದರೆ ಟ್ರ್ಯಾಕ್ಟರ್‌ನ ಮೂತಿ ಹಗುರಾಗುತ್ತದೆ, ಸ್ಟೇರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ. ಫೋರ್ ವೀಲ್ ಗಾಡಿಯಲ್ಲಿ ಇನ್ನೊಂದು ನಷ್ಟ ಕೂಡ ಇದೆ. ಮುಂದಿನ ಗಾಲಿಗಳ ಮೇಲೆ ಭಾರ ಇಲ್ಲದಿದ್ದರೆ ಅವು ನೆಲ ಹಿಡಿಯುವುದೇ ಇಲ್ಲ, ದುಡ್ಡು ಕೊಟ್ಟು ತಂದ ಫೋರ್ ವೀಲ್ ಹೆಸರಿಗಷ್ಟೇ ಉಳಿಯುತ್ತದೆ.

ಎಷ್ಟು ಭಾರ ಬೇಕು? ಟ್ರ್ಯಾಕ್ಟರ್‌ನ ಒಟ್ಟು ತೂಕದ ಕನಿಷ್ಠ 20 ಶೇಕಡಾ ಮುಂದಿನ ಗಾಲಿಗಳ ಮೇಲೆ ಇರಬೇಕು ಎಂಬುದು ಎಲ್ಲರೂ ಒಪ್ಪುವ ನಿಯಮ. 2,500 ಕೆಜಿಯ ಟ್ರ್ಯಾಕ್ಟರ್ ಆದರೆ 500 ಕೆಜಿ. ಇದನ್ನು ಅಂದಾಜಿನಲ್ಲಿ ಹೇಳಬೇಕಾಗಿಲ್ಲ. ಟ್ರೇಲರ್ ಹೇರಿ, ಕಟ್ಟಿ, ಊರ ಹತ್ತಿರದ ಕಾಟಾಕ್ಕೆ ಹೋಗಿ. ಮುಂದಿನ ಎರಡು ಗಾಲಿಗಳನ್ನಷ್ಟೇ ಕಾಟಾದ ಮೇಲೆ ನಿಲ್ಲಿಸಿ ತೂಕ ನೋಡಿ. ಕಡಿಮೆ ಬಂದರೆ ಸಾಮಾನನ್ನು ಸ್ವಲ್ಪ ಹಿಂದಕ್ಕೆ ಜರುಗಿಸಿ, ಇಲ್ಲವೇ ಬಂಪರ್ ಮುಂದೆ ವೇಟ್ ಹಾಕಿ. ಇಡೀ ಗಾಡಿಯನ್ನು ಒಮ್ಮೆ ತೂಗಿಸಿ ಟ್ರೇಲರ್‌ನ ಆರ್‌ಸಿಯಲ್ಲಿರುವ ತೂಕದ ಮಿತಿಯ ಜೊತೆ ಹೋಲಿಸುವುದೂ ಆಗ ಮುಗಿಯುತ್ತದೆ. 2019ರ ತಿದ್ದುಪಡಿಯ ನಂತರ ಮಿತಿ ಮೀರಿದ ಭಾರಕ್ಕೆ ದಂಡ 20,000 ರೂಪಾಯಿ, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ ಎಂಬುದು ನೆನಪಿರಲಿ.

ಹೇರುವ ಕ್ರಮ ಹೀಗಿರಲಿ: ಭಾರದ್ದೆಲ್ಲ ತಳದಲ್ಲಿ, ಅಚ್ಚಿನ ಮೇಲೆ ಮತ್ತು ಅದಕ್ಕಿಂತ ತುಸು ಮುಂದೆ. ಹಾಸಿಗೆ, ಬಟ್ಟೆ ಗಂಟು ಮೇಲೆ. 200 ಲೀಟರಿನ ಡ್ರಮ್ಮು ತುಂಬಿದರೆ ನೀರಿನ ತೂಕವೇ 200 ಕೆಜಿ. ಅದನ್ನು ಟ್ರೇಲರ್‌ನ ಬಾಲದಲ್ಲಿ ಇಡುವವರೇ ಹೆಚ್ಚು, ಕೈಗೆ ಸುಲಭ ಸಿಗುತ್ತದೆ ಅಂತ. ಡ್ರಮ್ಮು ಅಚ್ಚಿನ ಮೇಲಿರಲಿ, ಹಗ್ಗ ಬಿಗಿದಿರಲಿ, ಹೊರಡುವಾಗ ಪೂರ್ತಿ ತುಂಬಿರಲಿ ಇಲ್ಲವೇ ಪೂರ್ತಿ ಖಾಲಿ ಇರಲಿ. ಅರ್ಧ ತುಂಬಿದ ನೀರು ತಿರುವಿನಲ್ಲಿ ಅತ್ತಿತ್ತ ಹೊಯ್ದಾಡಿ ಗಾಡಿಯನ್ನು ಎಳೆದಾಡುತ್ತದೆ. ನಡುದಾರಿಯಲ್ಲಿ ನೀರು ಬೇಕಾದರೆ ಸಣ್ಣ ಕ್ಯಾನುಗಳಲ್ಲಿ ತುಂಬಿಕೊಳ್ಳಿ.

ಬ್ರೇಕು ಮತ್ತು ವೇಗ

ಕಾಗದದ ಮೇಲೆ ಒಂದು ಲೆಕ್ಕ ಮಾಡೋಣ. 2.5 ಟನ್ನಿನ ಟ್ರ್ಯಾಕ್ಟರ್ ಒಂಟಿಯಾಗಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ, ಒಳ್ಳೆಯ ಬ್ರೇಕು, 7 ಮೀಟರಿನಲ್ಲಿ ನಿಲ್ಲುತ್ತದೆ ಅಂತಿಟ್ಟುಕೊಳ್ಳಿ. ಅದೇ ಬ್ರೇಕಿನ ಹಿಡಿತದ ಮೇಲೆ, ತನ್ನದೇ ಬ್ರೇಕ್ ಇಲ್ಲದ 5 ಟನ್ನಿನ ಟ್ರೇಲರ್ ಕಟ್ಟಿದರೆ ಒಟ್ಟು ತೂಕ ಮೂರು ಪಟ್ಟು, ನಿಲ್ಲುವ ದೂರವೂ ಮೂರು ಪಟ್ಟು, 21 ಮೀಟರ್. ಚಾಲಕ ನೋಡಿ ಕಾಲಿಡಲು ಒಂದು ಸೆಕೆಂಡ್ ತೆಗೆದುಕೊಂಡರೆ ಅದರಲ್ಲೇ 8 ಮೀಟರ್ ಹೋಗಿರುತ್ತದೆ. ಸುಮಾರು 30 ಮೀಟರ್ ಆಯಿತು. ಇಳಿಜಾರಿನಲ್ಲಿ ಇನ್ನೂ ಹೆಚ್ಚು. ಇದೇ ಜೋಡಿ 15 ಕಿಲೋಮೀಟರ್ ವೇಗದಲ್ಲಿದ್ದರೆ ಎಲ್ಲ ಸೇರಿ 10 ಮೀಟರಿನೊಳಗೆ ನಿಲ್ಲುತ್ತದೆ. ವೇಗ ಅರ್ಧಕ್ಕೆ ಇಳಿದರೆ ಬ್ರೇಕಿನ ದೂರ ಕಾಲು ಭಾಗಕ್ಕೆ ಇಳಿಯುತ್ತದೆ. ಯಾವ ಕಂಪನಿಯ ಯಾವ ಟ್ರ್ಯಾಕ್ಟರ್ ಆದರೂ ಈ ಲೆಕ್ಕ ಬದಲಾಗುವುದಿಲ್ಲ.

ಆದ್ದರಿಂದ ಟ್ರೇಲರ್‌ಗೆ ಬ್ರೇಕ್ ಮಾಡಿಸುವುದು ಮೊದಲ ಖರ್ಚಾಗಬೇಕು. ಟ್ರ್ಯಾಕ್ಟರ್ ಪೆಡಲ್ ಒತ್ತಿದಾಗ ಟ್ರೇಲರ್ ಗಾಲಿಯೂ ಹಿಡಿಯುವ ಹೈಡ್ರಾಲಿಕ್ ಅಥವಾ ಏರ್ ಬ್ರೇಕ್ ವ್ಯವಸ್ಥೆಗಳಿವೆ. ನಿಮ್ಮ ಮಾಡೆಲ್‌ಗೆ ಯಾವುದು ಹೊಂದುತ್ತದೆ ಅಂತ ಡೀಲರ್ ಹತ್ತಿರ ಕೇಳಿ. ಫೋರ್ ವೀಲ್ ಬೇಕು ಅಂತ ಹೆಚ್ಚಿಗೆ ದುಡ್ಡು ಕೊಡಲು ಮನಸ್ಸು ಮಾಡಿದವರು ಟ್ರೇಲರ್ ಬ್ರೇಕಿನ ಮಾತು ಬಂದಾಗ "ಮುಂದಿನ ವರ್ಷ ನೋಡೋಣ್ರೀ" ಅನ್ನುವುದು ಯಾವ ನ್ಯಾಯ?

ಉಳಿದದ್ದು ಚಾಲಕನ ಕೈಯಲ್ಲಿದೆ. ಹೊಲದಲ್ಲಿ ಬೇರೆ ಬೇರೆ ಒತ್ತುವ ಎಡ, ಬಲ ಬ್ರೇಕ್ ಪೆಡಲ್‌ಗಳನ್ನು ರಸ್ತೆಗೆ ಬರುವ ಮೊದಲು ಲಾಕ್ ಹಾಕಿ ಒಂದು ಮಾಡಿ. ಒಂದೇ ಪೆಡಲ್ ಒತ್ತಿದರೆ ಟ್ರ್ಯಾಕ್ಟರ್ ಗಿರಕಿ ಹೊಡೆಯುತ್ತದೆ, ಹಿಂದಿನಿಂದ ಟ್ರೇಲರ್ ಬಂದು ಮಡಚಿಕೊಳ್ಳುತ್ತದೆ. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬೇಡಿ, ಕ್ಲಚ್ ಒತ್ತಿಕೊಂಡೂ ಇಳಿಯಬೇಡಿ. ಆ ಚಡಾವನ್ನು ಹತ್ತಲು ಯಾವ ಗೇರು ಬೇಕೋ ಅದೇ ಗೇರಿನಲ್ಲಿ ಇಳಿಯಿರಿ, ಗೇರನ್ನು ಮೇಲೆಯೇ ಹಾಕಿಕೊಳ್ಳಿ. ಗುಡ್ಡದ ರಸ್ತೆಯಲ್ಲಿ ಜನ ನಡೆದು ಹೋಗುತ್ತಿರುತ್ತಾರೆ, ಹರಕೆ ಹೊತ್ತವರು ರಸ್ತೆಯ ಮೇಲೇ ದೀಡ ನಮಸ್ಕಾರ ಹಾಕುತ್ತಿರುತ್ತಾರೆ. ಅಲ್ಲಿ ಬ್ರೇಕ್ ಹುಡುಕುತ್ತ ಕೂರಲು ಸಮಯ ಇರುವುದಿಲ್ಲ.

ಕತ್ತಲಲ್ಲಿ ಕಾಣಿಸಬೇಕು

ಜಾತ್ರೆ ಬರುವುದು ಕಬ್ಬಿನ ಹಂಗಾಮಿನಲ್ಲಿ. ಬೆಳಗಾವಿ, ಬಾಗಲಕೋಟೆ ಜಿಲ್ಲೆಯ ರಸ್ತೆಗಳಲ್ಲಿ ರಾತ್ರಿಯಿಡೀ ಕಬ್ಬಿನ ಗಾಡಿಗಳು ಓಡುತ್ತವೆ. ನಸುಕಿನಲ್ಲಿ ಮಂಜು ಬೇರೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬರುವ ಕಾರಿನವನಿಗೆ 20ರ ವೇಗದಲ್ಲಿ ಹೋಗುವ, ದೀಪ ಇಲ್ಲದ ಟ್ರೇಲರ್ ನಿಂತ ಗೋಡೆಗೆ ಸಮ.

ರೇಡಿಯಂ ಪಟ್ಟಿಗೆ ಬಹಳ ಖರ್ಚಿಲ್ಲ. ಟ್ರೇಲರ್‌ನ ಹಿಂದೆ ಪೂರ್ತಿ ಅಗಲಕ್ಕೆ ಕೆಂಪು, ಪಕ್ಕದಲ್ಲಿ ಹಳದಿ, ಮುಂದೆ ಬಿಳಿ ಅಂಟಿಸಿ. ಹಿಂದಿನ ದೀಪ, ಬ್ರೇಕ್ ದೀಪ, ಇಂಡಿಕೇಟರ್ ಮೂರನ್ನೂ ಟ್ರ್ಯಾಕ್ಟರ್‌ನ ಸಾಕೆಟ್ಟಿಗೆ ವೈರು ಎಳೆದು ಜೋಡಿಸಿ. ತಾಡಪತ್ರಿಯ ಅಂಚು ಜೋತುಬಿದ್ದು ರೇಡಿಯಂ, ದೀಪ ಎಲ್ಲ ಮುಚ್ಚಿಹೋಗಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಹೊರಡುವ ಮೊದಲು ಒಬ್ಬರು ನೂರು ಹೆಜ್ಜೆ ಹಿಂದೆ ಹೋಗಿ ನಿಂತು ಟಾರ್ಚ್ ಬಿಟ್ಟು ನೋಡಿದರೆ ಗೊತ್ತಾಗುತ್ತದೆ. ಬಿದಿರಿನ ಕಮಾನಿನ ಎತ್ತರವನ್ನೂ ಅಳೆಯಿರಿ. ಹಳ್ಳಿ ದಾರಿಯಲ್ಲಿ ಜೋತಾಡುವ ಕರೆಂಟ್ ತಂತಿಗಳಿಗೆ ಅದು ತಾಗಬಾರದು.

ಟೈರಿನ ಗಾಳಿಯನ್ನು ಬೆಳಿಗ್ಗೆ, ಟೈರು ತಣ್ಣಗಿರುವಾಗ ನೋಡಿ. ಹೊಲದ ಕೆಲಸಕ್ಕೆ ಟ್ರ್ಯಾಕ್ಟರ್ ಟೈರಿನ ಗಾಳಿ ಕಡಿಮೆ ಇಟ್ಟಿದ್ದರೆ ರಸ್ತೆಗೆ ಪುಸ್ತಕದಲ್ಲಿ ಹೇಳಿದಷ್ಟು ತುಂಬಿಸಿ. ವರ್ಷವಿಡೀ ಬಿಸಿಲಿಗೆ ನಿಂತ ಟ್ರೇಲರ್ ಟೈರಿನ ಪಕ್ಕದಲ್ಲಿ ಬಿರುಕು ಇದ್ದರೆ ಆ ಟೈರು ಸಗಣಿ ಗೊಬ್ಬರ ಹೇರಲು ಇರಲಿ, ದೂರದ ಪ್ರಯಾಣಕ್ಕೆ ಬೇಡ.

ಜನ ಬಸ್ಸಿನಲ್ಲಿ, ಸಾಮಾನು ಟ್ರೇಲರ್‌ನಲ್ಲಿ

ಇಲ್ಲಿ ನನ್ನ ಜೊತೆ ಜಗಳಕ್ಕೆ ಬರುವವರು ಬಹಳ. "ಎಲ್ಲಾರೂ ಕೂಡಿ ಹಾಡಕೋತ ಹೋದ್ರನ ಜಾತ್ರಿ. ಬಸ್ಸಿನ್ಯಾಗ ಹೋದ್ರ ಅದೆಂಥಾ ಜಾತ್ರಿ?" ಅಂತ ಹಿರಿಯರು ಕೇಳುತ್ತಾರೆ. ಅವರ ಮಾತಿನಲ್ಲಿ ಸುಳ್ಳಿಲ್ಲ. "ಉಧೋ ಉಧೋ" ಅನ್ನುತ್ತ ಇಡೀ ಓಣಿ ಒಂದೇ ಗಾಡಿಯಲ್ಲಿ ಹೋಗುವ ಸುಖ ಬಸ್ಸಿನ ಸೀಟಿಗೆ ಬರುವುದಿಲ್ಲ. ಆದರೆ ಚಕ್ಕಡಿಯ ವೇಗ ನಡಿಗೆಯ ವೇಗ. ಅದು ಮಗುಚಿದರೆ ಮೈಕೈ ನೋವಾಗುತ್ತಿತ್ತು. ಟ್ರೇಲರ್ ಮಗುಚಿದರೆ ಕಬ್ಬಿಣದ ಬಾಡಿಯ ಕೆಳಗೆ ಜನ ಸಿಕ್ಕಿಬೀಳುತ್ತಾರೆ. ಒಳಗೆ ಹಿಡಿದುಕೊಳ್ಳಲು ಏನೂ ಇಲ್ಲ, ಡ್ರಮ್ಮು, ಸಿಲಿಂಡರು, ಒಲೆ ಎಲ್ಲ ಅವರ ಮೇಲೇ ಬೀಳುತ್ತವೆ. ಮಡ್‌ಗಾರ್ಡ್ ಮೇಲೆ ಕೂತ ಹುಡುಗ ಜಾರಿದರೆ ಬೀಳುವುದು ನೇರ ದೊಡ್ಡ ಗಾಲಿಯ ಕೆಳಗೆ.

ಕಾನೂನಿನ ಮಾತೂ ಇದೆ. ಟ್ರೇಲರ್ ಇರುವುದು ಸರಕಿಗೆ. ಸರಕಿನ ವಾಹನದಲ್ಲಿ ಹಾಗೇ ಕೂತು ಹೋದವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪುಗಳಿವೆ. ಅಪಘಾತವಾದರೆ ಪರಿಹಾರದ ಭಾರ ಟ್ರ್ಯಾಕ್ಟರ್ ಮಾಲೀಕನ ತಲೆಯ ಮೇಲೆ ಬರುತ್ತದೆ, ಅಂದರೆ ಅವನ ಹೊಲದ ಮೇಲೆ. ಓಣಿಯ ಜನರನ್ನು ಪುಣ್ಯಕ್ಕೆ ಅಂತ ಕರೆದುಕೊಂಡು ಹೋದವನು ಅವರೇ ಹಾಕಿದ ಕೇಸಿಗೆ ವರ್ಷಗಟ್ಟಲೆ ಕೋರ್ಟು ಅಲೆಯಬೇಕಾಗುತ್ತದೆ. ಟ್ರ್ಯಾಕ್ಟರ್‌ಗೆ ಇರುವಂತೆ ಟ್ರೇಲರ್‌ಗೂ ಬೇರೆ ನೋಂದಣಿ, ಬೇರೆ ವಿಮೆ ಇರಬೇಕು ಎಂಬುದೂ ಎಷ್ಟೋ ಜನರಿಗೆ ಗೊತ್ತಾಗುವುದು ಅಪಘಾತದ ಮೇಲೆಯೇ.

ಈಗ ಬಸ್ಸಿನ ಖರ್ಚಿನ ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಲ್ಲಿದೆ. ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಗುರುತಿನ ಚೀಟಿ ಇದ್ದರೆ ಸಾಕು. ಜಾತ್ರೆಗೆ ವಾಯವ್ಯ ಸಾರಿಗೆಯವರು ವಿಶೇಷ ಬಸ್ಸುಗಳನ್ನೂ ಬಿಡುತ್ತಾರೆ. ಮನೆಯ ಹೆಂಗಸರು, ಮಕ್ಕಳು, ಮುದುಕರು ಬಸ್ಸಿನಲ್ಲಿ ಹೋಗಲಿ. ಹುಣ್ಣಿಮೆಯ ದಿನ ಬಸ್ಸು ತುಂಬಿ ತುಳುಕುತ್ತದೆ ಅನ್ನುವುದು ನಿಜ, ಅದಕ್ಕೆ ಒಂದು ದಿನ ಮೊದಲೇ ಹೊರಡಿ. ಚಾಲಕ ಟ್ರ್ಯಾಕ್ಟರ್ ತಂದು ಜಾಗ ಹಿಡಿಯಲಿ, ಅವನ ಜೊತೆಗಾರ ಬೈಕಿನಲ್ಲೋ ಬಸ್ಸಿನಲ್ಲೋ ಬರಲಿ. ಸರಾಸರಿ 55 ಕೆಜಿಯ 20 ಜನ ಇಳಿದರೆ ಟ್ರೇಲರ್‌ನ ಭಾರ 1,100 ಕೆಜಿ ತಗ್ಗಿತು, ಬ್ರೇಕಿಗೂ ಅಷ್ಟೇ ಹಗುರ. ಜೋಗುಳಬಾವಿಯ ಹತ್ತಿರ ಎಲ್ಲರೂ ಸೇರಿದ ಮೇಲೆ ಹಾಡು, ಅಡಿಗೆ, ಪಡ್ಡಲಗಿ ತುಂಬಿಸುವುದು ಎಲ್ಲ ಒಟ್ಟಿಗೇ ಆಗುತ್ತದೆ.

ನಿಲ್ಲಿಸಿದ ಮೇಲೂ ಕೆಲಸ ಮುಗಿಯುವುದಿಲ್ಲ

ಜಾತ್ರೆಯ ಬಯಲಿನಲ್ಲಿ ಟ್ರೇಲರ್ ನಮ್ಮ ಮನೆ. ಅದನ್ನು ಮನೆಯಂತೆಯೇ ಗಟ್ಟಿ ನಿಲ್ಲಿಸಬೇಕು. ಸಮತಟ್ಟು ಜಾಗ ಹುಡುಕಿ, ಟ್ರ್ಯಾಕ್ಟರ್ ಹ್ಯಾಂಡ್ ಬ್ರೇಕ್ ಹಾಕಿ, ಗೇರಿನಲ್ಲಿ ಬಿಟ್ಟು, ಕೀಲಿ ತೆಗೆದು ಕಿಸೆಗೆ ಹಾಕಿಕೊಳ್ಳಿ. ಟ್ರೇಲರ್ ಗಾಲಿಗಳಿಗೆ ಮುಂದೆ ಹಿಂದೆ ಎರಡೂ ಕಡೆ ದೊಡ್ಡ ಕಲ್ಲು ಕೊಡಿ. ಎರಡು ಗಾಲಿಯ ಟ್ರೇಲರನ್ನು ಬಿಚ್ಚದೆ ಹಿಚ್‌ನಲ್ಲೇ ಬಿಡುವುದು ಉತ್ತಮ. ಬಿಚ್ಚಲೇಬೇಕಾದರೆ ಮುಂದಿನ ಜಾಕಿನ ಜೊತೆಗೆ ಹಿಂದೆಯೂ ಮರದ ಒತ್ತು ಕೊಡಿ, ಇಲ್ಲದಿದ್ದರೆ ನಾಲ್ಕು ಜನ ಬಾಲದ ಕಡೆ ಕೂತ ಕೂಡಲೇ ಮೂತಿ ಮೇಲೇಳುತ್ತದೆ. ಟಿಪ್ಪಿಂಗ್ ಟ್ರೇಲರ್ ಆಗಿದ್ದರೆ ಹೈಡ್ರಾಲಿಕ್ ಪೈಪು ಬಿಚ್ಚಿಡಿ, ಮಕ್ಕಳು ಲಿವರ್ ಮುಟ್ಟಿದರೂ ಬಾಡಿ ಏಳಬಾರದು. ನೆರಳು ಚೆನ್ನಾಗಿದೆ ಅಂತ ಟ್ರೇಲರ್ ಕೆಳಗೆ ಯಾರೂ ಮಲಗಬೇಡಿ. ಪಕ್ಕದ ಗಾಡಿಯವನು ರಾತ್ರಿ ರಿವರ್ಸ್ ತೆಗೆಯುವಾಗ ಅವನಿಗೆ ಕಾಣುವುದಿಲ್ಲ.

ಗ್ಯಾಸಿನ ವಿಷಯ ಒತ್ತಿ ಹೇಳುತ್ತೇನೆ. ಅಡಿಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೆ ಹಾರಿ ಹೋಗದೆ ತಳದಲ್ಲಿ ನಿಲ್ಲುತ್ತದೆ. ಸುತ್ತ ತಗಡು ಇರುವ ಟ್ರೇಲರ್ ಅಂದರೆ ದೊಡ್ಡ ತೊಟ್ಟಿ ಇದ್ದಂತೆ, ಅದರ ತಳದಲ್ಲಿ ಅನಿಲ ನೀರಿನ ಹಾಗೆ ತುಂಬಿಕೊಳ್ಳುತ್ತದೆ. ಒಳಗೆ ಹುಲ್ಲು ಹಾಸಿದ ಹಾಸಿಗೆ, ಮೇಲೆ ತಾಡಪತ್ರಿ. ಒಂದು ಬೀಡಿ ಸಾಕು. ಪ್ರಯಾಣದಲ್ಲಿ ಸಿಲಿಂಡರನ್ನು ರೆಗ್ಯುಲೇಟರ್ ತೆಗೆದು, ಮುಚ್ಚಳ ಹಾಕಿ, ನೆಟ್ಟಗೆ ನಿಲ್ಲಿಸಿ ಕಟ್ಟಿ. ಡೀಸೆಲ್ ಕ್ಯಾನು ಅದರ ಹತ್ತಿರ ಬೇಡ. ಬಯಲಿಗೆ ಬಂದ ಮೇಲೆ ಸಿಲಿಂಡರನ್ನೂ ಒಲೆಯನ್ನೂ ಕೆಳಗಿಳಿಸಿ, ಟ್ರೇಲರ್‌ನಿಂದ ದೂರ ತೆರೆದ ಜಾಗದಲ್ಲಿ ಅಡಿಗೆ ಮಾಡಿ. ಎಷ್ಟೇ ಚಳಿ ಇದ್ದರೂ ತಾಡಪತ್ರಿಯ ಒಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗಬೇಡಿ. ಅದರ ವಿಷಾನಿಲಕ್ಕೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ.

ಒಂದು ವಾರ ಮೊದಲೇ ಶುರುಮಾಡಿ

ಹೊರಡುವ ದಿನ ಬೆಳಿಗ್ಗೆ ಇದನ್ನೆಲ್ಲ ಮಾಡಲು ಆಗುವುದಿಲ್ಲ. ಒಂದು ವಾರ ಮೊದಲು ಪಿನ್ನು, ಬಳೆ, ಟೈರು, ವೈರು ನೋಡಿ, ವೆಲ್ಡಿಂಗ್ ಅಂಗಡಿಯವನಿಗೆ ಸಮಯ ಕೊಡಿ. ಎರಡು ದಿನ ಮೊದಲು ಹೇರಿ ಕಾಟಾ ಮಾಡಿಸಿ. ಹಿಂದಿನ ರಾತ್ರಿ ಚಾಲಕನನ್ನು ಬೇಗ ಮಲಗಿಸಿ, ಅವನ ಕೈಗೆ ಗ್ಲಾಸು ಕೊಡಬೇಡಿ. ಡಿಜೆ ಬಾಕ್ಸುಗಳನ್ನು ಟ್ರೇಲರ್‌ನಲ್ಲಿ ಕಟ್ಟಿ ದಾರಿಯುದ್ದಕ್ಕೂ ಹಚ್ಚುವುದನ್ನೂ ಬಿಡಿ, ಹಿಂದಿನ ಲಾರಿಯ ಹಾರ್ನ್ ಚಾಲಕನಿಗೆ ಕೇಳಬೇಕು.

ಬಸ್ಸಿನ ಮಾತನ್ನು ಮಾತ್ರ ಇವತ್ತೇ ಮನೆಯಲ್ಲಿ ತೆಗೆಯಿರಿ. ಅದು ಒಂದೇ ದಿನಕ್ಕೆ ಒಪ್ಪಿಗೆಯಾಗುವ ಮಾತಲ್ಲ. ಮೊದಲು ಮನೆಯ ಹೆಣ್ಣುಮಕ್ಕಳನ್ನು ಕೇಳಿ. ಟ್ರೇಲರ್‌ನಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಇಡೀ ರಾತ್ರಿ ಕುಲುಕಾಡುತ್ತ ಹೋಗುವವರು ಅವರು. ನಾನು ಕೇಳಿದ ಮನೆಗಳಲ್ಲಿ ಬಸ್ಸಿಗೆ ಮೊದಲು ಹೂಂ ಅಂದವರೂ ಅವರೇ.